ಬಂಡೆಗೆ ಅಳತೆಯಾಗಿ ನಿಂತವನು

ಸಹಾರಾದ ಜಾನೆತ್ ಊರಿನಾಚೆಯ ಮರಳುಗಾಡಿನಲ್ಲಿ ಗಾಳಿ ಕೊರೆದು ನಿಲ್ಲಿಸಿದ ಕಲ್ಲಿನ ಕಂಬಗಳನ್ನೂ ಕಮಾನುಗಳನ್ನೂ ಘೂಮಾನಷ್ಟು ತಾಳ್ಮೆಯಿಂದ ಫೋಟೋ ತೆಗೆದವರು ಅಲ್ಲಿನ ಅಲೆಮಾರಿ ತುವಾರೆಗ್ ಜನರಲ್ಲಿ ಬೇರೊಬ್ಬರಿರಲಿಲ್ಲ. ಬರಿಯ ಬಂಡೆಯನ್ನು ತೆಗೆದರೆ ಅದು ಒಂಟೆಯಷ್ಟು ಎತ್ತರವೋ ಬೆಟ್ಟದಷ್ಟೋ ನೋಡುವವರಿಗೆ ತಿಳಿಯದು. ಆದ್ದರಿಂದ ಪ್ರತಿಸಲವೂ ಅದರ ಬುಡದಲ್ಲಿ ತನ್ನ ತಮ್ಮನನ್ನು ನಿಲ್ಲಿಸುತ್ತಿದ್ದ.

"ಅಣ್ಣ, ನಾನಿಲ್ದಿದ್ರೆ ನಿನ್ ಬೆಟ್ಟ ಎಲ್ಲಾ ಬರೀ ಬೆಣಚುಕಲ್ಲು" ಎಂದು ತಮ್ಮ ಕೆಣಕುತ್ತಿದ್ದ.

"ಮಾತು ಸಾಕು, ಇನ್ನೂ ಹಿಂದಕ್ಕೆ ಹೋಗು. ನೀನೇ ಬೆಟ್ಟದ ಥರ ಕಾಣ್ತಿದೀಯ."

ಆ ತಮ್ಮ ಈ ಬೇಸಗೆಯಲ್ಲಿ ಜ್ವರ ಬಂದು ತೀರಿಕೊಂಡ. ಸತ್ತವರ ಹೆಸರೆತ್ತುವ ರೂಢಿ ಅವರಲ್ಲಿಲ್ಲ. ಈ ಕಥೆಯಲ್ಲೂ ಅವನಿಗೆ ಹೆಸರಿಲ್ಲ. ತಾಯಿ ತೆಹಿತ್ ಅವನ ಬಟ್ಟೆಬರೆಯನ್ನು ದಾನಮಾಡಿ, ಗುಡಾರವನ್ನು ಕಿತ್ತು ಬೇರೆ ಕಣಿವೆಗೆ ಸಾಗಿಸಿದಳು.

ಅಲ್ಲಿ ಒಂದು ಬೆಳಗ್ಗೆ ತಮ್ಮನ ಹೆಂಡತಿ ದಸ್ಸೀನ್ ಬಂದು ಘೂಮಾನ ಎದುರು ಕುಳಿತಳು.

"ಭಾವ, ಅವ್ರ ಮುಖ ಇರೋ ಫೋಟೋ ಒಂದು ಬೇಕು."

"ಅಷ್ಟು ಬೇಗ ಮರೆತುಹೋಯ್ತೇನಮ್ಮ?"

"ನಂಗಲ್ಲ." ಅವಳು ತುಂಬಿದ ಬಸಿರಿನ ಮೇಲೆ ಕೈಯಿಟ್ಟಳು. "ಇದು ನಾಳೆ ಕೇಳತ್ತೆ. ಏನು ತೋರಿಸ್ಲಿ?"

ಗುಡಾರದೊಳಗಿಂದ ತೆಹಿತ್ ಗದರಿದಳು. "ಹೋದವ್ರನ್ನ ಹಿಂದಕ್ಕೆ ಕರೀಬೇಡ ಕಣೇ. ಪಾಪ, ದಾರಿ ತಪ್ತಾರೆ."

ಘೂಮಾ ಚಾಪೆಯ ಮೇಲೆ ಚಿತ್ರಗಳನ್ನೆಲ್ಲ ಹರಡಿ, ಗಾಳಿಗೆ ಹಾರದಂತೆ ಕಲ್ಲು ಹೇರಿದ. ಒಂದೊಂದರಲ್ಲೂ ತಮ್ಮನಿದ್ದ, ಹೆಬ್ಬೆರಳ ಉಗುರಿಗಿಂತ ಚಿಕ್ಕವನಾಗಿ, ನೀಲಿ ಮುಸುಕನ್ನು ಮೂಗಿನವರೆಗೆ ಸುತ್ತಿಕೊಂಡು. ಹಿರಿಯರ ಮುಂದೆ ಗಂಡಸು ಬಾಯಿ ತೋರಿಸಬಾರದು; ಚಹಾದ ಲೋಟವೂ ಮುಸುಕಿನ ಅಡಿಯಿಂದಲೇ ತುಟಿಗೆ ಹೋಗಬೇಕು. ಬಿಸಿಲಲ್ಲಿ ನಡೆದು ದಣಿದಾಗ ತಮ್ಮ ಎಷ್ಟೋ ಸಲ ಮುಸುಕು ಜಾರಿಸಿ, ಚರ್ಮದ ಚೀಲದಿಂದ ಗಟಗಟನೆ ನೀರು ಕುಡಿದಿದ್ದ. ಆಗೆಲ್ಲ ಘೂಮಾ ಕ್ಯಾಮೆರಾ ಇಳಿಸಿ ಬೆಟ್ಟದ ಕಡೆಗೆ ತಿರುಗಿ ನಿಲ್ಲುತ್ತಿದ್ದ. ಅವನಿಗೆ ಮುಜುಗರವಾಗದಿರಲಿ ಎಂಬ ಅಕ್ಕರೆ ಅದು.

ಒಂದು ಚಿತ್ರದಲ್ಲಿ ಮಾತ್ರ, ದೊಡ್ಡ ಕಮಾನಿನಡಿ, ಗಾಳಿ ಮುಸುಕನ್ನು ಎಳೆದುಬಿಟ್ಟಿತ್ತು. ಬಟ್ಟೆಯ ತುದಿ ಪಕ್ಕಕ್ಕೆ ಹಾರಿದ್ದು ಕಾಣುತ್ತಿತ್ತು. ಮುಖವಿರಬೇಕಾದಲ್ಲಿ ಎಳ್ಳುಕಾಳಿನಷ್ಟು ಕಂದು ಚುಕ್ಕೆ. ಅದರ ರೀಲನ್ನು ಎದೆಗೊತ್ತಿಕೊಂಡು ಘೂಮಾ ಜಾನೆತ್ತಿನ ಸ್ಟುಡಿಯೋಗೆ ಹೋದ.

ಅಂಗಡಿಯವನು ಹಿಗ್ಗಿಸಿದ; ಮತ್ತೆ ಹಿಗ್ಗಿಸಿದ. ಕೊನೆಗೆ ಒದ್ದೆ ಕಾಗದವನ್ನು ಎತ್ತಿಹಿಡಿದು, "ಇನ್ನೂ ದೊಡ್ಡದು ಮಾಡಿದ್ರೆ ಬರೀ ಮರಳು ಬರತ್ತೆ ಯಜಮಾನ್ರೆ" ಎಂದ. "ಬಂಡೆ ಮಾತ್ರ ಏನ್ ಚೆನ್ನಾಗಿ ಬಂದಿದೆ ನೋಡಿ. ಒಂದೊಂದು ಬಿರುಕೂ ಕಾಣತ್ತೆ."

ಗುಡಾರದ ಮುಂದೆ ಕುಳಿತು ದಸ್ಸೀನ್ ಆ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಬಾಯಾ ಭಾವ, ನೆರಳಾ?"

"ಗೊತ್ತಾಗಲ್ಲಮ್ಮ."

"ನೀವು ಜೊತೆಗೇ ಇದ್ರಲ್ಲ."

"ಇದ್ದೆ. ಅವನು ದೊಡ್ಡವನಾಗಿ ಮುಸುಕು ತೊಟ್ಟ ಮೇಲೆ ಅವನ ಬಾಯಿ ನಾನು ನೋಡ್ಲೇ ಇಲ್ಲ." ಹಾಗೆಂದು ಘೂಮಾ ತನ್ನ ಮುಸುಕನ್ನು ಕಣ್ಣಿನವರೆಗೆ ಎಳೆದುಕೊಂಡ.

ದಸ್ಸೀನ್ ಕಾಗದವನ್ನು ಮಡಿಲಲ್ಲಿ ಬೋರಲು ಹಾಕಿದಳು. ಆಮೇಲೆ, ಕುರುಡನಿಗೆ ದಾರಿ ಹೇಳುವವಳಂತೆ, ಮೆಲ್ಲಗೆ ಹೇಳತೊಡಗಿದಳು. "ಕೆಳತುಟಿ ದಪ್ಪ. ನಗುವಾಗ ಬಾಯಿ ಒಂದ್ಕಡೆಗೆ ಸೊಟ್ಟ ಆಗೋದು. ಗಲ್ಲದ ಎಡಗಡೆ ಒಂದು ಗಾಯದ ಗುರುತಿತ್ತು..."

ಘೂಮಾ ತಲೆ ತಗ್ಗಿಸಿ ಒಂದೊಂದು ಮಾತನ್ನೂ ಕೇಳಿಸಿಕೊಂಡ.

"ಎಡಗಡೆ ಅಲ್ಲ" ಎಂದಳು ಗುಡಾರದೊಳಗಿಂದ ತೆಹಿತ್. "ಬಲಗಡೆ. ಆಡು ಹಾಯ್ದಿದ್ದು."