ಗಾಜಿನ ತೊಟ್ಟಿಯ ನೀರು ಎಲ್ಲಿಗೆ ಹೋಯಿತು

ಮದ್ರಾಸಿನಿಂದ ರೈಲಿನಲ್ಲಿ ತರಿಸಿದ ಬಂಗಾರದ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲತೊಡಗಿದಾಗ, ಹೊಸಪೇಟೆಯ ತೋಟಪ್ಪನವರು ತಮ್ಮ ಅಕ್ಕಿ ಗಿರಣಿಯ ಆಳು ಗಾದಿಲಿಂಗಪ್ಪನನ್ನು ಹೊಳೆಮ್ಮನ ಗುಡಿಸಲಿಗೆ ಕಳಿಸಿದರು. ಮೀನು ಹಿಡಿಯುವವರ ಮನೆ ಹೆಂಗಸು, ಮೀನಿನ ಸಂಕಟ ನಿನಗಲ್ಲದೆ ಇನ್ನಾರಿಗೆ ತಿಳಿದೀತು ಎಂದ ಅವನು. ಹೊಳೆಮ್ಮ ಬಲೆಯ ಸಿಕ್ಕು ಬಿಡಿಸುತ್ತಲೇ ಕೇಳಿಸಿಕೊಂಡಳು. ಆ ಮನೆಯ ಬಾಗಿಲು ತನಗೆ ಎಂದಾದರೂ ತೆರೆದೀತೆಂದು ಅವಳು ಕಾದು ಕೂತು ವರ್ಷಗಳೇ ಆಗಿದ್ದವು.

ಅವಳ ಗಂಡ ಪಾಲಪ್ಪ ಬೇಸಿಗೆಗೊಮ್ಮೆ ತೋಟಪ್ಪನವರ ಹಿತ್ತಲ ಭಾವಿಗೆ ಇಳಿದು ಹೂಳು ತೆಗೆಯುತ್ತಿದ್ದ. ಅವನು ಮೇಲೆ ಬಂದಮೇಲೆ ನೀರಿಗೆ ವಿಭೂತಿ ಕದಡಿ ಸುರಿದು, ಇನ್ನು ಮಡಿಯಾಯಿತು ಎನ್ನುತ್ತಿದ್ದರು ಆ ಮನೆಯವರು. ಭಾವಿಯ ಸೆಲೆ ಈಶಾನ್ಯದ ಬಿರುಕಿನಿಂದ ಬರುತ್ತದೆ, ಅಲ್ಲಿ ಕೈಯಿಟ್ಟರೆ ನೀರು ಬೆರಳನ್ನು ತಳ್ಳುತ್ತದೆ ಎಂದು ಅವನು ಮನೆಗೆ ಬಂದು ಹೇಳುತ್ತಿದ್ದ. ಜರ್ಮನಿ ಯುದ್ಧ ಮುಗಿದ ಮೇಲಿನ ಬೇಸಿಗೆಯಲ್ಲಿ ಊರ ಕಾಲುವೆಯ ನೀರು ನಿಲ್ಲಿಸಿ ಹೂಳೆತ್ತುತ್ತಿದ್ದರು, ಊರಿಗೆ ವಾಂತಿಭೇದಿ ಹೊಕ್ಕಿತ್ತು. ಪಾಲಪ್ಪ ನೀರು ನೀರು ಎಂದು ನರಳುತ್ತಿದ್ದಾಗ ಹೊಳೆಮ್ಮ ಕೊಡ ಹಿಡಿದು ಆ ಹಿತ್ತಲಿಗೆ ಓಡಿದಳು. ತೋಟಪ್ಪನವರು ಹಗ್ಗವನ್ನು ಮೇಲಕ್ಕೆಳೆಸಿದರು.

"ಪೂಜಿ ಅಗ್ಗಣಿ ಸೇದೋ ಭಾವಿ ಇದು. ಮೀನ ಮುಟ್ಟಿದ ಕೈ ನಿಂದು. ಹೊಳಿ ಐತಲ್ಲ, ಹೋಗು."

ಹೊಳೆಗೆ ಹೋಗಿ ಬಂದಳು. ಅಷ್ಟರಲ್ಲಿ ಗಂಡನ ತುಟಿ ಒಣಗಿ ಅಂಟಿಕೊಂಡಿತ್ತು. ತಂದ ನೀರಿನಲ್ಲಿ ಅವನ ಹೆಣ ತೊಳೆದಳು.

ಈಗ ಅದೇ ತೋಟಪ್ಪನವರು ಪಡಸಾಲೆಯಲ್ಲಿ ನಿಂತು, ತಿನ್ನುವುದಕ್ಕಲ್ಲ, ನೋಡುವುದಕ್ಕೆ ಸಾಕಿದ್ದು, ಇದರಲ್ಲಿ ಪಾಪವಿಲ್ಲ ಎಂದು ಅವಳಿಗೇ ಸಮಜಾಯಿಷಿ ಹೇಳಿದರು. ಆಳುದ್ದದ ತೊಟ್ಟಿ ಅದು. ತಳಕ್ಕೆ ಕಲ್ಲುಚಪ್ಪಡಿ, ನಾಲ್ಕು ಕಡೆ ಗಾಜು. ಬಳ್ಳಾರಿಯ ಕಲೆಕ್ಟರ್ ದೊರೆಯ ಬಂಗಲೆಯಲ್ಲಿ ಕಂಡಂದಿನಿಂದ ಅವರಿಗೆ ಅದರದೇ ಧ್ಯಾನ. ನೀರು ಪಾಚಿಗಟ್ಟಿ ನಾರುತ್ತಿತ್ತು.

"ನಿಂತ ನೀರಿನ್ಯಾಗ ಮೀನು ತನ್ನ ಹೊಲಸು ತಾನ ಕುಡೀತೈತ್ರಿ," ಎಂದಳು ಹೊಳೆಮ್ಮ. "ನೀರು ನಡೀಬೇಕು."

ನಡೆಸಿದಳು. ಅಟ್ಟದ ಮೇಲೆ ತಾಮ್ರದ ಹಂಡೆ ಇಡಿಸಿ, ಅದಕ್ಕೆ ಭಾವಿಯ ನೀರು ತುಂಬಿಸಿ, ಅಲ್ಲಿಂದ ಬಿದಿರ ಕೊಳವೆಯಲ್ಲಿ ಎಳೆಯಷ್ಟು ನೀರು ಸದಾ ತೊಟ್ಟಿಗೆ ಬೀಳುವಂತೆ ಮಾಡಿದಳು. ತಳದ ಚಪ್ಪಡಿಗೆ ಸಣ್ಣ ತೂತು ಕೊರೆಸಿದಳು. ಕೆಳಗೆ ಇಳಿದ ಹೊಲಸು ನೀರು ಅಲ್ಲಿಂದ ಹೊರಟು, ಒಂದರ ಮೇಲೊಂದು ಕೂರಿಸಿದ ಮಡಕೆಗಳ ಬೆಣಚುಕಲ್ಲು, ಹೊಳೆಮರಳು, ಇದ್ದಿಲು ಹಾಯ್ದು ಕಣ್ಣೀರಿನಂತೆ ತಿಳಿಯಾಗಿ ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕಿದ ನೀರು ಹಿತ್ತಲ ಬಾಳೆಯ ಬುಡಕ್ಕೆ ಹೋಗಲಿ, ಪೋಲು ಯಾಕೆ ಎಂದಳು. ತೋಟಪ್ಪನವರು ಮೆಚ್ಚಿದರು. ಬಾಳೆಗುಂಡಿಯನ್ನು ಅವಳೇ ನಿಂತು ತೋಡಿಸಿದಳು. ಭಾವಿಯ ಈಶಾನ್ಯಕ್ಕೆ, ಬಿರುಕಿನ ನೆತ್ತಿಯ ಮೇಲೆ.

ಮೀನುಗಳು ಬದುಕಿದವು. ಕಂಪ್ಲಿಯಿಂದ, ಸಂಡೂರಿನಿಂದ ನೆಂಟರು ನೋಡಲು ಬಂದರು. ಬೇಸಿಗೆಯಲ್ಲಿ ಓಣಿಯ ಭಾವಿಗಳೆಲ್ಲ ತಳ ಕಂಡರೂ ತೋಟಪ್ಪನವರ ಭಾವಿ ಮೊದಲಿಗಿಂತ ನಿಧಾನವಾಗಿ ಇಳಿಯಿತು. ಶಿವನ ದಯೆ, ನೀರು ಸಿಹಿಯಾಗಿದೆ ಎಂದು ಅವರು ಬಂದವರಿಗೆಲ್ಲ ತಂಬಿಗೆ ಕೊಟ್ಟರು. ಹೊಳೆಮ್ಮ ಮಡಕೆಯ ಮರಳು ತೊಳೆಯಲು ಬಂದಾಗಲೆಲ್ಲ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಅವರು ಹೊಗಳಿದಷ್ಟೂ ಅವಳಿಗೆ ಊಟ ರುಚಿಸುತ್ತಿತ್ತು. ಆದರೆ ಉಂಡಷ್ಟೂ ಹಸಿವು ಹಾಗೇ ಉಳಿಯುತ್ತಿತ್ತು. ಅವರಿಗೆ ತಿಳಿಯದಿದ್ದರೆ ಅದು ಎಂಥ ಸೇಡು?

ಮತ್ತೊಂದು ಬೇಸಿಗೆ ಬಂತು. ಹೂಳೆತ್ತಲು ಮತ್ತೆ ಕಾಲುವೆಯ ನೀರು ನಿಲ್ಲಿಸಿದ್ದರು. ತೋಟಪ್ಪನವರಿಗೆ ಜ್ವರ ಏರಿತ್ತು, ಮೀನು ನೋಡುತ್ತ ಮಲಗಬೇಕೆಂದು ಪಡಸಾಲೆಯಲ್ಲೇ ಹಾಸಿಗೆ ಹಾಕಿಸಿದ್ದರು. ಸೊಸೆ ಕೊಟ್ರಬಸಮ್ಮ ತಂಬಿಗೆ ತಂದು ಕೈಗಿತ್ತಳು. ಹೊಳೆಮ್ಮ ಮಡಕೆ ತೊಳೆಯುತ್ತಿದ್ದವಳು ಎದ್ದು ನಿಂತಳು.

"ಯಜಮಾನ್ರ, ಅದು ಮೀನಿನ ನೀರ್ರಿ."

ಅವರಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಹಂಡೆ, ತೊಟ್ಟಿ, ಮಡಕೆ, ಬಾಳೆಗುಂಡಿ, ಬಿರುಕು, ಭಾವಿ, ಮತ್ತೆ ಹಂಡೆ. ಲಿಂಗಪೂಜೆಗೆ ಸೇದುವ ಅಗ್ಗಣಿಯೂ ಅದೇ ನೀರು. ಸೆಲೆ ಎಲ್ಲಿದೆಯೆಂದು ಯಾರು ಹೇಳಿದ್ದೆಂಬುದನ್ನೂ ಹೇಳಿದಳು. ದನಿ ಏರಲಿಲ್ಲ. ತಂಬಿಗೆ ಅವರ ತುಟಿಯ ಹತ್ತಿರ ಬಂದದ್ದು ಅಲ್ಲೇ ನಿಂತಿತು, ಆಮೇಲೆ ನೆಲಕ್ಕಿಳಿಯಿತು.

ಬೇರೆ ನೀರು ತರಿಸು ಎಂದು ಅವರು ಸೊಸೆಗೆ ಹೇಳಿದರು. ಓಣಿಯ ಭಾವಿಗಳಲ್ಲಿ ಬರೀ ಕೆಸರು. ಗಾದಿಲಿಂಗಪ್ಪ ಹೊಳೆಗೆ ಬಂಡಿ ಹೂಡಿದ.

"ಹೊಳಿ ದೂರ ಐತ್ರಿ," ಎಂದಳು ಹೊಳೆಮ್ಮ. "ಹೋಗಿ ಬರೋದ್ರಾಗ ಏನಾಗತೈತಿ ನಾ ಬಲ್ಲೆ."

ಕೊಟ್ರಬಸಮ್ಮ ಅವಳಿಗೆ ಹೊರಗೆ ಹೋಗು ಎಂದಳು. ಹೊಳೆಮ್ಮ ಹೊಸ್ತಿಲಾಚೆ ಕಟ್ಟೆಯ ಮೇಲೆ, ಬಾಗಿಲಿಗೆ ಎದುರಾಗಿ ಕೂತಳು. ಅಲ್ಲಿಂದ ಹಾಸಿಗೆ ಕಾಣುತ್ತಿತ್ತು. ತೋಟಪ್ಪನವರು ತುಟಿ ಸವರಿಕೊಂಡರು. ಬಿದಿರಿನಿಂದ ನೀರು ಬೀಳುವ ಸದ್ದು ಆ ಪಡಸಾಲೆಯಲ್ಲಿ ನಿಲ್ಲುವಂತಿರಲಿಲ್ಲ. ಅವರು ಕಿವಿ ಮುಚ್ಚಿಕೊಂಡರು. ಬಿಸಿಲು ಕಟ್ಟೆ ಬಿಟ್ಟು ಇಳಿಯಿತು. ಬಂಡಿಯ ಸುಳಿವಿಲ್ಲ.

ಕೊನೆಗೆ ಅವರ ಕೈ ನೆಲ ತಡಕಿ ತಂಬಿಗೆ ಹಿಡಿಯಿತು. ಗೋಡೆಯ ಕಡೆ ಮುಖ ತಿರುಗಿಸಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿ ಮುಚ್ಚಿಕೊಂಡು, ತಳ ಕಾಣುವ ತನಕ ಗಟಗಟನೆ ಕುಡಿದರು.

ಹೊಳೆಮ್ಮ ಕೊನೆಯ ಗುಟುಕಿನವರೆಗೂ ನೋಡಿದಳು. ಆಮೇಲೆ ಎದ್ದು ಯಾರನ್ನೂ ಕೇಳದೆ ಒಳಗೆ ಬಂದು, ಅರೆ ತೊಳೆದು ಬಿಟ್ಟಿದ್ದ ಮರಳನ್ನು ಪೂರಾ ತೊಳೆದು ಮಡಕೆಗೆ ತುಂಬಿದಳು. ನೀರು ಮತ್ತೆ ತೊಟ್ಟಿಕ್ಕತೊಡಗಿದ ಮೇಲೆ ಮನೆಗೆ ಹೊರಟಳು.