ಟ್ಯಾಂಕಿನ ಜೀರುಂಡೆ

ಕಿಡಿಯೊಂದು ಮಣಿಕಟ್ಟಿನ ಮೇಲೆ ಕೂತು ಆರಿತು, ನೋವಿಲ್ಲ, ಚರ್ಮ ಸುಟ್ಟ ವಾಸನೆ ಮಾತ್ರ, ನನ್ನದೇ ಚರ್ಮವಂತೆ — ಇರಲಿ, ಇನ್ನೆರಡು ಕಾಲು ಬಾಕಿ, ಜೀರುಂಡೆಗೆ ಆರು, ತೋಟಗಳಿಗೆಂದು ನನ್ನ ಗಂಡ ಮಾಡುತ್ತಿದ್ದ ಕಬ್ಬಿಣದ ಹುಳುಗಳಿಗೆಲ್ಲ ನಾಲ್ಕೇ, ಲೇ, ಆರು ಕಾಲಿಗೆ ಕಬ್ಬಿಣ ನಿಮ್ಮಪ್ಪ ಕೊಡ್ತಾನಾ, ಎಂ.ಎಸ್ಸಿ. ಮಾಡಿದೋಳು ನೀನು ಕಾಲು ಎಣಿಸ್ತಾ ಕೂರು ಎಂದು ನಗುತ್ತಿದ್ದ, ನಾನು ಆರೇ ಹಾಕುತ್ತೇನೆ, ಕಬ್ಬಿಣ ಈಗ ಬೇಕಾದಷ್ಟಿದೆ, ಇಡೀ ಬೈಕೇ ಇದೆ, ಅವನನ್ನು ರಸ್ತೆಯಲ್ಲಿ ಕೆಡವಿ ತಾನು ಮಾತ್ರ ಮನೆಗೆ ಬಂದ ಬೈಕು. ದರಿದ್ರದ್ದು, ಕಣ್ಣೆದುರಿಗೆ ಇರಬಾರದು, ಇವತ್ತೇ ಗುಜರಿಯವನನ್ನ ಕರ್ಕೊಂಡು ಬರ್ತೀನಿ, ಭಾವ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ ಹೇಳಿದ್ದು, ನೀನೂ ಆ ಶೆಡ್ ಬಿಟ್ಟು ಒಳಗಿರಮ್ಮ, ನೋಡಿದವರು ಏನಂದಾರು — ಏನಂದಾರು, ಬೆಸುಗೆ ನೆಟ್ಟಗಿದೆಯೋ ಇಲ್ಲವೋ ಅದನ್ನು ಹೇಳಲಿ. ಬರಲಿ ಗುಜರಿಯವನು, ಬೈಕೆಲ್ಲಿ ಎಂದು ಹುಡುಕಲಿ, ಬ್ರೇಕು ಕ್ಲಚ್ಚಿನ ಹಿಡಿಗಳು ಮೀಸೆ, ಹ್ಯಾಂಡಲ್ ಕೊಯ್ದು ಕಾಲು, ಮಡ್‌ಗಾರ್ಡ್ ಸೀಳಿ ರೆಕ್ಕೆ, ಟ್ಯಾಂಕು ಹೊಟ್ಟೆ, ಟ್ಯಾಂಕಿಗೆ ಕಂಠಮಟ್ಟ ನೀರು ತುಂಬದೆ ಬೆಸುಗೆ ರಾಡ್ ಮುಟ್ಟಿಸಬೇಡ, ಒಳಗಿನ ಪೆಟ್ರೋಲ್ ಆವಿ ನಿನ್ನನ್ನೇ ಹಾರಿಸಿಬಿಡುತ್ತೆ, ಅವನೇ ಕಲಿಸಿದ್ದು, ತುಂಬಿದ್ದೇನೆ, ಸಾಯಲು ಕೂತಿಲ್ಲ ನಾನು, ಮನೆಯವರಿಗೆಲ್ಲ ಆ ಅನುಮಾನವಿದ್ದರೂ. ಟ್ಯಾಂಕಿನ ಬಲಗಡೆ ತಗ್ಗು, ಅವನ ಮೊಣಕಾಲು ಬಡಿದ ಜಾಗ, ಸುತ್ತಿಗೆಯಲ್ಲಿ ತಟ್ಟಿ ಸರಿಮಾಡಬಹುದು, ಮಾಡುವುದಿಲ್ಲ.

ಬಾಗಿಲಲ್ಲಿ ನೆರಳು, ಭಾವ, ಹಿಂದೆ ಗುಜರಿಯವನು, ಇಬ್ಬರನ್ನೂ ಸರಿಸಿಕೊಂಡು ಅತ್ತೆ, ಮಗ ಹೋದಮೇಲೆ ಶೆಡ್ಡಿನ ಕಡೆ ತಲೆಹಾಕದ ಅತ್ತೆ. ಅಯ್ಯೋ, ಪೂರ್ತಿ ಕತ್ತರಿಸಿಬಿಟ್ಟಿದ್ದೀಯಲ್ಲಮ್ಮ ಎಂದರು ಭಾವ, ಅದಕ್ಕೇನ್ ಸಾರ್, ಬೈಕಾದ್ರೇನು ಹುಳ ಆದ್ರೇನು, ತೂಕಕ್ಕೆ ಹಾಕಿದ್ರೆ ಎಲ್ಲಾ ಒಂದೇ — ಗುಜರಿಯವನು ನಗುತ್ತಾನೆ, ಇದು ನನಗೆ ಹೊಳೆದೇ ಇರಲಿಲ್ಲ, ಎಂಥ ಪೆದ್ದಿ ನಾನು, ಹುಳುವನ್ನೂ ತೂಗಬಹುದು, ಮುಟ್ಟಿ ನೋಡು ಎಂದೆ, ರಾಡಿನ ತುದಿ ಅವನ ಕಡೆಗೆ, ನನ್ನದೇ ದನಿ, ಎಷ್ಟು ಜೋರು, ಅವನು ಹೊಸಿಲಾಚೆ ನೆಗೆದ. ಹುಚ್ಚು ಹಿಡಿದಿದೆ ಇವಳಿಗೆ, ನೀನಾದ್ರೂ ಹೇಳಮ್ಮ ಎನ್ನುತ್ತಿದ್ದಾರೆ ಭಾವ, ಹೇಳಲಿ, ಹೆತ್ತವರು ಹೇಳಿದರೂ ಕೊಡುವುದಿಲ್ಲ, ಕೊಡುವುದಿಲ್ಲ, ಅತ್ತೆ ಕುಕ್ಕರಗಾಲಲ್ಲಿ ಕೂತರು, ಮೊಣಕಾಲಿನ ತಗ್ಗಿನೊಳಗೆ ಅಂಗೈ ಇಟ್ಟರು, ಅತ್ತೆ, ಪಕ್ಕದ ಕಾಲು ಈಗಷ್ಟೇ ಬೆಸೆದದ್ದು, ಬಿಸಿ ಇದೆ, ಕೈ ತೆಗೀರಿ — ಅಂಗೈ ತಗ್ಗಿನೊಳಗೇ ಇದೆ, ಬಿಸಿ ಅತ್ತೆ, ತೆಗೆಯುತ್ತಿಲ್ಲ, ಅಂಗೈ, ತಗ್ಗಿನೊಳಗೆ, ಅಂಗೈ