ಒಂದೇ ಎಳೆತದ ಹಾಳೆ

ಛಾವಣಿಯ ಮೇಲೆ ನಾನು ಪರೀಕ್ಷೆಗೆಂದು ಬಿಸಿಲಿಗಿಟ್ಟಿದ್ದ ಸೌರವಿದ್ಯುತ್ತಿನ ಹಾಳೆಯನ್ನು ಅಕ್ಕ ತೆಗೆದು ಬೇರೊಂದನ್ನು ಇಟ್ಟಿದ್ದಾಳೆ. ಗಾಜಿನಡಿ ಕಡುಕಂದು, ನುಣ್ಣಗೆ, ಒಂದು ಕಲೆಯಿಲ್ಲ, ಬಿಸಿಲು ಅದರ ಮೇಲೆ ಜಾರುತ್ತಿದೆ — ಓರೆಯಾಗಿ ಬಗ್ಗಿ ನೋಡಿದರೆ ಮಾತ್ರ ಚೌಕ, ಚೌಕ, ಚೌಕ, ಪ್ರತಿ ಚೌಕದ ನಾಲ್ಕೂ ಮೂಲೆ ದಪ್ಪ, ಗಿರಗಿರ ತಿರುಗುವ ತಟ್ಟೆಯ ಮೇಲೆ ಹನಿ ಬಿಟ್ಟು ಮಾಡಿದ ಫಿಲ್ಮಿನ ಮೂಲೆಗಳೇ ಹಾಗೆ, ಅಂಗೈಯಗಲದ ಚೂರುಗಳನ್ನು ಸಾಲಾಗಿ ಅಂಟಿಸಿದ್ದಾಳೆ, ಬ್ಲೇಡಿನಲ್ಲಿ ಒಂದೇ ಸಲಕ್ಕೆ ಎಳೆದ ನನ್ನ ಹಾಳೆಗೆ ದಪ್ಪವಿದ್ದದ್ದು ಒಂದೇ ಅಂಚಿನಲ್ಲಿ, ಹರಳು ಬೆರೆತ ಶಾಯಿ ಮೊದಲು ಗಾಜು ಮುಟ್ಟುವ ಕಡೆ, ಹಳದಿ ಹತ್ತಿದ್ದೂ ಅಲ್ಲಿಂದಲೇ. ಯಾರು ಕೇಳಿದ್ರೂ ಒಂದೇ ಎಳೆತ ಅನ್ನು ಪುಟ್ಟಿ, ಮೆಟ್ಟಿಲು ಹತ್ತುವಾಗ ಕಿವಿಯಲ್ಲಿ ಹೇಳಿದಳು, ಬೆನ್ನ ಮೇಲೆ ಕೈಯಿಟ್ಟಳು, ಆ ಕೈ ಇನ್ನೂ ಅಲ್ಲೇ ಇದೆ.

ಎಷ್ಟು ಹಗುರಾದ ಕೈ, ಚಿಕ್ಕಂದಿನಲ್ಲಿ ನನ್ನ ಎಣ್ಣೆತಲೆ ತೊಳೆಯುತ್ತಿದ್ದ ಕೈ, ಪೂರ್ತಿ ಜಿಡ್ಡು ತೆಗೀಬಾರ್ದು ಕಣೇ, ತೆಗೆದ್ರೆ ಕೂದಲು ಸಿಕ್ಕಾಗುತ್ತೆ — ಆಮೇಲೆ ಪ್ರಯೋಗಾಲಯದಲ್ಲೂ ಅದನ್ನೇ ಕಲಿಸಿದಳು, ಈ ಪೆರೊವ್‌ಸ್ಕೈಟ್ ಕ್ವಾಂಟಂ ಚುಕ್ಕಿಗಳೂ ಹಾಗೇನೇ ಅಂದಳು, ಕಣ್ಣಿಗೆ ಕಾಣದ ಹರಳು, ಮೈತುಂಬ ಎಣ್ಣೆಯ ಕೂದಲು, ತೊಳೆಯದಿದ್ದರೆ ವಿದ್ಯುತ್ತು ದಾಟುವುದಿಲ್ಲ, ಹೆಚ್ಚು ತೊಳೆದರೆ ಒಂದಕ್ಕೊಂದು ಅಂಟಿ ಸಾಯುತ್ತವೆ. ಚೂರು ಗಾಜಿನ ಮೇಲಾದರೆ ಪದರ ಹಾಕು, ತೊಳೆ, ಪದರ ಹಾಕು, ತೊಳೆ; ಛಾವಣಿ ತುಂಬುವ ಹಾಳೆಗೆ ಹಾಗೆ ಕೂತರೆ ಆಯಸ್ಸು ಸಾಲದು, ಅದಕ್ಕೇ ಶಾಯಿಯಲ್ಲೇ ಮುಂಚಿತವಾಗಿ ತೊಳೆದು ಒಂದೇ ಬೀಸಿಗೆ ಎಳೆಯುವುದು, ಅದು ನನ್ನ ಕೆಲಸ, ನನ್ನ ಹಟ, ಆಗಿಯೇಬಿಟ್ಟಿತು ಅಂದುಕೊಂಡಿದ್ದೆ, ಮಳೆ ಬಂತು, ದಪ್ಪ ಅಂಚಿನಲ್ಲಿ ಉಗುರಿನಷ್ಟು ಹಳದಿ, ತೇವ ಒಳಹೊಕ್ಕ ಗುರುತು. ಓಡಿಹೋಗಿ ಹೇಳಿದ್ದು ಯಾರಿಗೆ, ಅಕ್ಕನಿಗೇ. ಹಳದಿಯಾದದ್ದು ಕರಗುತ್ತೆ ಅಕ್ಕ, ಕರಗಿದ್ರೆ ಹರಳಿನೊಳಗಿನ ಸೀಸ ನೀರಿಗಿಳಿಯುತ್ತೆ, ವಿಷ ಅದು, ಕಾರ್ಮಿಕರ ವಸತಿಯ ಛಾವಣಿ ನೀರೆಲ್ಲ ಅವರು ಕುಡಿಯೋ ತೊಟ್ಟಿಗೇ ಹೋಗೋದು, ಅಂಚು ಸರಿಮಾಡೋವರೆಗೂ ಯಾರಿಗೂ ತೋರಿಸೋದು ಬೇಡ. ತಲೆಯಾಡಿಸಿದಳು. ಆಯ್ತಮ್ಮ, ನೀನು ಹೇಳಿದ ಹಾಗೇ ಆಗ್ಲಿ, ಊಟ ಮಾಡಿದ್ಯಾ ಅಂದಳು. ಅಷ್ಟು ಪ್ರೀತಿಯಿಂದ ಕತ್ತು ಕೊಯ್ಯುವುದನ್ನು ಎಲ್ಲಿ ಕಲಿತಳು!

ಒಪ್ಪಿಗೆ ಕೊಡಬೇಕಾದ ಅಧಿಕಾರಿ ಕನ್ನಡಕ ಏರಿಸಿ ಹಾಳೆ ನೋಡುತ್ತಿದ್ದಾನೆ, ದೂರದಿಂದಲೇ, ಬಗ್ಗಿದರೆ ಪ್ಯಾಂಟಿನ ಇಸ್ತ್ರಿ ಕೆಡುತ್ತದೆ, ಅವನು ಹೂಂ ಅಂದರೆ ಸಾಕು, ವಸತಿಯ ಛಾವಣಿಗಳಿಗೆಲ್ಲ ಹೋಗುವುದು ಈ ಚೂರುಗಳಲ್ಲ, ಹಳದಿ ಹತ್ತುವ ಒಂದೇ ಎಳೆತದ ಹಾಳೆ. ಅವನ ಪಕ್ಕ ವಸತಿಯವರು ಕಳಿಸಿದ ಹೆಂಗಸು, ಬಟ್ಟೆ ಗಿರಣಿಯಲ್ಲಿ ನೂಲು ಸುತ್ತುವವಳು, ಸೊಂಟದ ಮೇಲೆ ಕೈ — ಬಿಸಿಲೊಂದು ಬಿಟ್ಟಿ ಸಿಗ್ತಿತ್ತು ಸ್ವಾಮಿ, ಅದಕ್ಕೂ ಮೀಟರ್ ಹಾಕ್ತೀರಾ? ಎಲ್ಲರೂ ನಗುತ್ತಾರೆ, ಅಕ್ಕ ಎಲ್ಲರಿಗಿಂತ ಜೋರಾಗಿ, ಹೆಂಗಸು ಮಾತ್ರ ನಗುವುದಿಲ್ಲ, ನನ್ನನ್ನೇ ನೋಡುತ್ತಾಳೆ, ನಮ್ಮ ತೊಟ್ಟಿ ನೀರಿಗೇನೂ ಆಗಲ್ವಲ್ಲ ತಾಯಿ, ಮಕ್ಕಳು ಕೊಳಾಯಿಗೇ ಬಾಯಿಡ್ತವೆ.

ಏನೂ ಆಗಲ್ಲಮ್ಮ, ನಮ್ಮ ಪುಟ್ಟೀನೇ ಎಳೆದದ್ದು, ಕೇಳಿ ಬೇಕಾದ್ರೆ — ಬೆನ್ನ ಮೇಲಿನ ಕೈ ಒತ್ತುತ್ತಿದೆ. ಮೊದಲು ಒಪ್ಪಿಗೆ ಸಿಗ್ಲಿ, ಆಮೇಲೆ ಸರಿಮಾಡ್ಕೊಳ್ಳೋಣ, ಅಕ್ಕ ಬಾಯಿ ಬಿಡದಿದ್ದರೂ ಕೇಳಿಸುತ್ತದೆ, ಆಮೇಲೆ ಅನ್ನುವುದು ಯಾರ ಮನೆಯ ಆಮೇಲೆ, ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ, ಇಲ್ಲಿ ತಿಂದವರು ನಾವು, ಕುಡಿಯುವವರು ಅವರು. ನನ್ನ ಹೆಸರಿನಲ್ಲಿ ಕುಡಿಸುತ್ತಾಳೆ. ನನ್ನ ಹಾಳೆ ಸೋತದ್ದಕ್ಕೆ ಹೊಟ್ಟೆ ಉರಿಯಲಿಲ್ಲ ಅಕ್ಕ, ಸೋತ ಹಾಳೆ ನಿಜ ಹೇಳುತ್ತಿತ್ತು, ಅದರ ಬಾಯಿಗೇ ಬಟ್ಟೆ ತುರುಕಿದೆಯಲ್ಲ — ಉಗುರಿನಷ್ಟು ಹಳದಿ, ಅಂಚಿನಿಂದ ಒಳಕ್ಕೆ, ಒಂದು ಮಳೆಗೆ ಇಷ್ಟು, ಇನ್ನೊಂದು ಮಳೆಗೆ ಅಷ್ಟು, ಆ ಮಕ್ಕಳ ನಾಲಿಗೆಯವರೆಗೆ.

ಹೇಳಿ ಮೇಡಂ, ಒಂದೇ ಎಳೆತದಲ್ಲಿ ಮಾಡಿದ್ದಾ ಇದು, ಅಧಿಕಾರಿ ಕೇಳುತ್ತಿದ್ದಾನೆ. ಹೇಳು ಪುಟ್ಟಿ. ಐದು ಬೆರಳು, ಐದೂ ಬಿಸಿ, ಬೆನ್ನಿಗೆ ನೆಟ್ಟಿವೆ. ಹೇಳೇ, ಯಾಕೆ ಬೊಂಬೆ ಥರ ನಿಂತೆ. ಹಳದಿ. ಹೌದು ಅಂದ್ಬಿಡೇ. ಹಳದಿ, ಕೊಳಾಯಿ, ಬಾಯಿ, ಹಳದಿ —

ಅನ್ನಲ್ಲ ಅಕ್ಕ. ಇದು ನಾನು ಎಳೆದದ್ದಲ್ಲ.